ಚಿಪ್ ಕಾರ್ಖಾನೆ ನಡೆಸುವುದು ಯಾಕೆ ಇಷ್ಟು ಕಷ್ಟ: ಕಲಬುರಗಿಯಲ್ಲಿ ಆಡಿದ ಮಾತು

ಇದು ಕಲಬುರಗಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅವರ ಮೇಷ್ಟ್ರುಗಳು ಮತ್ತು ಊರಿನ ಕೆಲವು ವ್ಯಾಪಾರಸ್ಥರ ಮುಂದೆ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ಶರಣು ಶರಣಾರ್ಥಿ.

ಎರಡು ಕಂಪನಿಗಳ 2024ರ ಲೆಕ್ಕದಿಂದ ಶುರು ಮಾಡುತ್ತೇನೆ. ಇಂಟೆಲ್ ಆ ವರ್ಷ ಸುಮಾರು 1,880 ಕೋಟಿ ಡಾಲರ್ ಕಳೆದುಕೊಂಡಿತು. ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿ ದಾಟುತ್ತದೆ. ಅದೇ ವರ್ಷ ತೈವಾನಿನ ಟಿಎಸ್‌ಎಂಸಿ 100 ರೂಪಾಯಿ ಮಾಲು ಮಾರಿದರೆ, ಖರ್ಚು ತೆರಿಗೆ ಎಲ್ಲ ಕಳೆದು ಸುಮಾರು 40 ರೂಪಾಯಿ ಉಳಿಸಿಕೊಂಡಿತು. ಇಬ್ಬರೂ ಮಾಡುವುದು ಚಿಪ್ಪೇ. ಇಬ್ಬರೂ ಯಂತ್ರ ಕೊಳ್ಳುವುದು ಹೆಚ್ಚುಕಡಿಮೆ ಅದೇ ಕಂಪನಿಗಳಿಂದ. ಇಂಟೆಲ್ ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯೂ ಅಲ್ಲ, 1968ರದ್ದು, ಎಷ್ಟೋ ವರ್ಷ ಈ ವಿದ್ಯೆಯಲ್ಲಿ ಜಗತ್ತಿಗೇ ಮುಂದಿತ್ತು. ಹಾಗಾದರೆ ಈ ಅಜಗಜಾಂತರ ಎಲ್ಲಿಂದ ಬಂತು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಧಂದೆಯಲ್ಲಿ ದುಡ್ಡನ್ನು ಮೊದಲು ಸುರಿಯಬೇಕು. ಗಿರಾಕಿ ಆಮೇಲೆ ಬರುತ್ತಾನೆ. ಬೆಲೆ ಎಷ್ಟಿರುತ್ತದೆ ಅನ್ನುವುದು ದುಡ್ಡು ಸುರಿಯುವ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಯಂತ್ರ ಓಡಿದರೂ ನಿಂತರೂ ಅದರ ಬೆಲೆ ಕರಗುತ್ತಾ ಹೋಗುತ್ತದೆ. ಹೀಗಾಗಿ ವರ್ಷಾನುಗಟ್ಟಲೆ ಲೈನ್, ಅಂದರೆ ಯಂತ್ರಗಳ ಸಾಲು, ಆರ್ಡರಿನಿಂದ ತುಂಬಿಸಿ ಇಟ್ಟುಕೊಳ್ಳಬಲ್ಲ ಕಂಪನಿ ಉಳಿಯುತ್ತದೆ, ಖಾಲಿ ಬಿಟ್ಟ ಕಂಪನಿ ಎಷ್ಟೇ ಜಾಣ ಇಂಜಿನಿಯರುಗಳಿದ್ದರೂ ಸೊರಗುತ್ತದೆ. ನಮ್ಮ ದೇಶದಲ್ಲಿ ಈಗ ಇಷ್ಟೊಂದು ಶಂಕುಸ್ಥಾಪನೆ ನಡೆಯುತ್ತಿರುವಾಗ ಈ ಒಂದು ಮಾತನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಮೊದಲು ಖರ್ಚು ನೋಡೋಣ. ಚಿಪ್ ತಯಾರಾಗುವುದು ವೇಫರ್ ಅನ್ನುವ ಸಿಲಿಕಾನ್ ಬಿಲ್ಲೆಯ ಮೇಲೆ. ಈಗಿನ ದೊಡ್ಡ ಕಾರ್ಖಾನೆಗಳಲ್ಲಿ ಅದರ ಅಗಲ 300 ಮಿಲಿಮೀಟರ್, ಒಂದು ಊಟದ ತಟ್ಟೆಯಷ್ಟು. ಅತಿ ಮುಂದುವರಿದ ಚಿಪ್ ಆದರೆ ಆ ಬಿಲ್ಲೆ ಸಾವಿರಕ್ಕೂ ಹೆಚ್ಚು ಹಂತ ದಾಟಬೇಕು, ಹೊರಗೆ ಬರಲು ಮೂರು ತಿಂಗಳಾದರೂ ಬೇಕು. ಅದರ ಮೇಲೆ ಗೆರೆ ಮೂಡಿಸುವ ಅತಿ ಸೂಕ್ಷ್ಮ ಯಂತ್ರವನ್ನು, ಅಂದರೆ ಇಯುವಿ ಯಂತ್ರವನ್ನು, ಇಡೀ ಜಗತ್ತಿನಲ್ಲಿ ಮಾಡುವುದು ಒಂದೇ ಕಂಪನಿ: ನೆದರ್ಲೆಂಡ್ಸಿನ ಎಎಸ್‌ಎಂಎಲ್. ಆ ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಬೀಳುತ್ತವೆ, ಒಂದೊಂದು ಹನಿಗೂ ಲೇಸರ್ ಹೊಡೆದು ಬೇಕಾದ ಬೆಳಕು ಹುಟ್ಟಿಸುತ್ತಾರೆ. ಒಂದರ ಬೆಲೆ 15 ಕೋಟಿ ಡಾಲರಿಗೂ ಜಾಸ್ತಿ. ಅದರ ಹೊಸ ಪೀಳಿಗೆಯದು ಸುಮಾರು 35 ಕೋಟಿ ಯೂರೋ. ಒಂದು ಫ್ಯಾಬಿಗೆ, ಅಂದರೆ ಚಿಪ್ ಕಾರ್ಖಾನೆಗೆ, ಇಂಥದ್ದು ಹಲವು ಬೇಕು, ಜೊತೆಗೆ ಬೇರೆ ಬೇರೆ ನೂರಾರು ಯಂತ್ರ ಬೇಕು.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಫ್ಯಾಬಿನ ಯಂತ್ರಗಳಿಗೆ 1,500 ಕೋಟಿ ಡಾಲರ್ ಆಯಿತು ಅಂತ ಇಟ್ಟುಕೊಳ್ಳಿ. ಟಿಎಸ್‌ಎಂಸಿಯಂಥ ಕಂಪನಿ ಯಂತ್ರದ ಸವಕಳಿಯನ್ನು 5 ವರ್ಷದಲ್ಲಿ ಬರೆದು ಮುಗಿಸುತ್ತದೆ. ಅಂದರೆ ವರ್ಷಕ್ಕೆ 300 ಕೋಟಿ ಡಾಲರ್. ದಿನಕ್ಕೆ ಸುಮಾರು 82 ಲಕ್ಷ ಡಾಲರ್, ರೂಪಾಯಿಯಲ್ಲಿ 70 ಕೋಟಿ ಹತ್ತಿರ. ಭಾನುವಾರವೂ ಅಷ್ಟೇ, ದೀಪಾವಳಿಯ ದಿನವೂ ಅಷ್ಟೇ. ಇದರಲ್ಲಿ ಸಂಬಳ ಇಲ್ಲ, ಕರೆಂಟ್ ಬಿಲ್ ಇಲ್ಲ, ಸಂಶೋಧನೆಯ ಖರ್ಚೂ ಇಲ್ಲ. ಬರೀ ಯಂತ್ರ ಹಳೆಯದಾಗುವ ಖರ್ಚು. ಆರ್ಡರ್ ಅರ್ಧಕ್ಕೆ ಇಳಿದರೆ ಈ 70 ಕೋಟಿ ಅರ್ಧ ಆಗುವುದಿಲ್ಲ, ಅಷ್ಟೂ ಭಾರ ಉಳಿದ ಅರ್ಧ ಮಾಲಿನ ಮೇಲೆ ಬೀಳುತ್ತದೆ. ಫ್ಯಾಬ್‌ಗಳು 24 ಗಂಟೆ, 365 ದಿನ ಓಡುವುದು ಇದಕ್ಕೇ.

ಇನ್ನು ಇಳುವರಿ. ವೇಫರಿನ ಮೇಲೆ ಮಾಡಿದ ಚಿಪ್ಪೆಲ್ಲ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು, ಆ ಜಾಗದ ಚಿಪ್ ಹೋಯಿತು. ಸರಾಸರಿ 10 ಚದರ ಸೆಂಟಿಮೀಟರಿಗೆ ಒಂದು ದೋಷ ಬೀಳುತ್ತದೆ ಅಂತಿಟ್ಟುಕೊಳ್ಳಿ. 1 ಚದರ ಸೆಂಟಿಮೀಟರಿನ ಸಣ್ಣ ಚಿಪ್ ಆದರೆ ನೂರಕ್ಕೆ 90 ಚೆನ್ನಾಗಿ ಬರುತ್ತವೆ. 8 ಚದರ ಸೆಂಟಿಮೀಟರಿನ ದೊಡ್ಡ ಚಿಪ್ ಆದರೆ ನೂರಕ್ಕೆ 45 ಮಾತ್ರ. ಹೊಸ ತಂತ್ರ ಶುರು ಮಾಡಿದಾಗ ದೋಷ ಜಾಸ್ತಿ ಇರುತ್ತದೆ. ಐದು ಪಟ್ಟು ಇದ್ದರೆ? ಸಣ್ಣ ಚಿಪ್ ನೂರಕ್ಕೆ 60ರಷ್ಟು ಉಳಿಯುತ್ತದೆ, ದೊಡ್ಡದು ನೂರಕ್ಕೆ ಎರಡೇ ಎರಡು. ವೇಫರ್ ಓಡಿಸುವ ಖರ್ಚು ಮಾತ್ರ ಎಲ್ಲದಕ್ಕೂ ಒಂದೇ. ಗಣಿತ ಓದುವ ಹುಡುಗರು ಮನೆಗೆ ಹೋಗಿ ಪಾಯ್ಸನ್ ಅನ್ನುವ ಸಂಭವನೀಯತೆಯ ಸೂತ್ರ ಹಾಕಿ ನೋಡಿ, ಇದೇ ಉತ್ತರ ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಆ ಸೂತ್ರದ ಮೇಲೆ ಎಷ್ಟೋ ಕಂಪನಿಗಳ ಹಣೆಬರಹ ನಿಂತಿದೆ, ಇದನ್ನು ಯಾರೂ ಕ್ಲಾಸಿನಲ್ಲಿ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಕರೆಂಟಿನ ವಿಷಯ. 2019ರ ಜೂನ್‌ನಲ್ಲಿ ಜಪಾನಿನ ಯೋಕ್ಕಾಯಿಚಿಯಲ್ಲಿ 13 ನಿಮಿಷ ವಿದ್ಯುತ್ ಹೋಯಿತು. ಅಲ್ಲಿ ತೋಷಿಬಾದ ಹಳೆಯ ಮೆಮೊರಿ ಕಾರ್ಖಾನೆ ಇದೆ, ವೆಸ್ಟರ್ನ್ ಡಿಜಿಟಲ್ ಆಗ ಅದರ ಪಾಲುದಾರ ಆಗಿತ್ತು. ಆ 13 ನಿಮಿಷದಿಂದ ಸುಧಾರಿಸಿಕೊಳ್ಳಲು ವಾರಗಳೇ ಹಿಡಿದವು, ಯಾಕಂದರೆ ಯಂತ್ರದೊಳಗೆ ಅರ್ಧಕ್ಕೆ ನಿಂತ ವೇಫರ್ ಹಾಳು, ಒಳಗಿನ ಶುದ್ಧಗಾಳಿ ಕೆಟ್ಟರೆ ಎಲ್ಲವನ್ನೂ ಮತ್ತೆ ಸರಿಮಾಡಿ ಅಳತೆ ಕೂಡಿಸಬೇಕು. ನೀರಿನದೂ ಹಾಗೇ. 2021ರಲ್ಲಿ ತೈವಾನಿನಲ್ಲಿ ಭಾರೀ ಬರ ಬಂದಾಗ ಸರ್ಕಾರ ಎಷ್ಟೋ ಭತ್ತದ ಗದ್ದೆಗಳಿಗೆ ಕಾಲುವೆ ನೀರು ನಿಲ್ಲಿಸಿತು, ರೈತರಿಗೆ ಪರಿಹಾರ ಕೊಟ್ಟಿತು. ಟಿಎಸ್‌ಎಂಸಿ ಟ್ಯಾಂಕರ್‌ಗಳಲ್ಲಿ ನೀರು ತರಿಸಿತು. ಭೀಮಾ ನದಿ ಬತ್ತಿದ ಬೇಸಿಗೆಗಳಲ್ಲಿ ಟ್ಯಾಂಕರಿಗಾಗಿ ಕಾದ ನಮಗೆ ಇದು ಬೇಗ ಅರ್ಥ ಆಗುತ್ತದೆ ಅಲ್ವಾ? ರೈತನಿಗೋ ಕಾರ್ಖಾನೆಗೋ ಅಂತ ಬಂದಾಗ ಅಲ್ಲಿ ನೀರು ಕಾರ್ಖಾನೆಗೆ ಹೋಯಿತು. ಮುಂದೆ ನಮ್ಮಲ್ಲಿ ಇಂಥ ಪ್ರಶ್ನೆ ಬಂದರೆ ಏನು ಮಾಡುತ್ತೇವೆ ಅಂತ ಮೊದಲೇ ಮಾತಾಡಿಕೊಂಡಿರಬೇಕು.

ಈಗ ಬೆಲೆಯ ಏರಿಳಿತಕ್ಕೆ ಬರುತ್ತೇನೆ. ಇದನ್ನು ವಿವರಿಸಲು ಕಲಬುರಗಿಗಿಂತ ಒಳ್ಳೆಯ ಊರು ಬೇರೆ ಇಲ್ಲ. 2015ರ ಕೊನೆಗೆ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೆಲ್ಲ ನೆನಪಿದೆ. ಮರುವರ್ಷದ ಮುಂಗಾರಿಗೆ ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಕೈ ಹಿಡಿಯಿತು, ದೇಶದಲ್ಲಿ ದಾಖಲೆ ಬೆಳೆ ಬಂತು. 2017ರ ಶುರುವಿಗೆ ಎಪಿಎಂಸಿಯಲ್ಲಿ ಬೆಲೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಬಿತ್ತು. ಬಿತ್ತುವಾಗ ನೋಡಿದ ಬೆಲೆ ಬೇರೆ, ರಾಶಿ ಮಾಡಿದಾಗ ಸಿಕ್ಕ ಬೆಲೆ ಬೇರೆ. ಮೆಮೊರಿ ಚಿಪ್ಪಿನ ಕತೆ ಅಕ್ಷರಶಃ ಇದೇ. ವ್ಯತ್ಯಾಸ ಇಷ್ಟೇ: ತೊಗರಿ ಒಂದು ಹಂಗಾಮಿನಲ್ಲಿ ಬರುತ್ತದೆ, ಫ್ಯಾಬ್ ಕಟ್ಟಿ ಮಾಲು ಹೊರಬರಲು ಎರಡು ಮೂರು ವರ್ಷ ಬೇಕು. ಬೆಲೆ ಏರಿದಾಗ ಎಲ್ಲ ಕಂಪನಿಗಳೂ ಒಟ್ಟಿಗೇ ಕಟ್ಟಲು ಹೊರಡುತ್ತವೆ, ಎಲ್ಲರ ಮಾಲೂ ಒಟ್ಟಿಗೇ ಬಜಾರಿಗೆ ಬರುತ್ತದೆ, ಆಗ ಬೆಲೆ ಕುಸಿಯುತ್ತದೆ. ಮತ್ತೆ ಮೆಮೊರಿ ಚಿಪ್ ಯಾವ ಕಂಪನಿಯದಾದರೂ ಒಂದೇ, ಮಾರುಕಟ್ಟೆ ದರವೇ ದರ.

ಈ ಏಟಿಗೆ ಬಿದ್ದವರು ಒಬ್ಬಿಬ್ಬರಲ್ಲ. ಇಂಟೆಲ್ ಹುಟ್ಟಿದ್ದೇ ಮೆಮೊರಿ ಮಾಡುತ್ತಾ, ಜಪಾನಿನವರ ಬೆಲೆಗೆ ತಡೆಯಲಾರದೆ 1985ರಲ್ಲಿ ಡಿರ್ಯಾಮ್, ಅಂದರೆ ಕಂಪ್ಯೂಟರ್ ಓಡುವಾಗ ಬಳಸುವ ಮೆಮೊರಿ ಚಿಪ್, ಕೈಬಿಟ್ಟಿತು. ಆಮೇಲೆ ಅದೇ ಗತಿ ಜಪಾನಿಗೂ ಬಂತು. 1980ರ ದಶಕದ ಕೊನೆಗೆ ಜಗತ್ತಿನ ಚಿಪ್ ವ್ಯಾಪಾರದ ಅರ್ಧದಷ್ಟು ಜಪಾನಿನ ಕೈಯಲ್ಲಿತ್ತು. ಅಲ್ಲಿನ ಹಲವು ಕಂಪನಿಗಳ ಡಿರ್ಯಾಮ್ ಘಟಕಗಳನ್ನು ಸೇರಿಸಿ ಉಳಿಸಿಕೊಂಡಿದ್ದ ಎಲ್ಪಿಡಾ 2012ರಲ್ಲಿ ದಿವಾಳಿ ಆಯಿತು, ಅಮೆರಿಕದ ಮೈಕ್ರಾನ್ ಅದನ್ನು ಕೊಂಡುಕೊಂಡಿತು. ಜರ್ಮನಿಯ ಕಿಮೊಂಡಾ 2009ರಲ್ಲೇ ಮುಳುಗಿತ್ತು. ಈಗ ಡಿರ್ಯಾಮ್ ಬಹುಪಾಲು ಮೂರೇ ಕಂಪನಿಗಳದು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಉಳಿದ ಈ ಮೂವರೂ ಯಾವಾಗಲೂ ಸುಖವಾಗಿರುತ್ತಾರೆ ಅಂದುಕೊಳ್ಳಬೇಡಿ. 2023ರಲ್ಲಿ ಸ್ಯಾಮ್‌ಸಂಗಿನ ಚಿಪ್ ವಿಭಾಗಕ್ಕೆ ಸುಮಾರು 15 ಲಕ್ಷ ಕೋಟಿ ಕೊರಿಯನ್ ವಾನ್ ನಷ್ಟ. ಮೈಕ್ರಾನಿಗೆ ಸುಮಾರು 580 ಕೋಟಿ ಡಾಲರ್. ಹೈನಿಕ್ಸ್ ಕೂಡ ಅದೇ ವರ್ಷ ಭಾರೀ ನಷ್ಟದಲ್ಲಿತ್ತು, ಮರುವರ್ಷ ಎಐ ಯಂತ್ರಗಳಿಗೆ ಬೇಕಾದ ವಿಶೇಷ ಮೆಮೊರಿ ಮಾರಿ ದಾಖಲೆ ಲಾಭ ಮಾಡಿತು.

ಇಲ್ಲಿ ದಾಲ್ ಮಿಲ್ ನಡೆಸುವ ಹಿರಿಯರೊಬ್ಬರು ಎದ್ದು ಕೇಳಿದರು: "ಇಷ್ಟ ಲುಕ್ಸಾನ ಆದ್ರೂ ಮಶೀನ್ ಯಾಕ ಬಂದ್ ಮಾಡಂಗಿಲ್ರೀ ಸರ? ನಾವಾದ್ರ ಮಿಲ್ಲಿಗೆ ಕೀಲಿ ಹಾಕ್ತಿದ್ವಿ."

ಒಳ್ಳೆ ಪ್ರಶ್ನೆ. ನಿಮ್ಮ ಮಿಲ್ಲಿನಲ್ಲಿ ಖರ್ಚಿನ ದೊಡ್ಡ ಪಾಲು ತೊಗರಿ ಕೊಳ್ಳುವುದಕ್ಕೇ ಹೋಗುತ್ತದೆ. ಮಿಲ್ ನಿಲ್ಲಿಸಿದರೆ ಆ ಖರ್ಚೂ ನಿಲ್ಲುತ್ತದೆ. ಫ್ಯಾಬಿನಲ್ಲಿ ಖರ್ಚಿನ ದೊಡ್ಡ ಪಾಲು ಯಂತ್ರದ್ದು, ಅದು ಆಗಲೇ ಆಗಿಹೋಗಿದೆ. ಇನ್ನೊಂದು ವೇಫರ್ ಓಡಿಸಲು ಬೇಕಾದ ಮೇಲು ಖರ್ಚು ಅದರ ಮುಂದೆ ಸಣ್ಣದು. ಬೆಲೆ ಆ ಮೇಲು ಖರ್ಚಿಗಿಂತ ಒಂದು ರೂಪಾಯಿ ಜಾಸ್ತಿ ಇದ್ದರೂ ಓಡಿಸಿದರೆ ನಷ್ಟ ಸ್ವಲ್ಪ ಕಮ್ಮಿ, ನಿಲ್ಲಿಸಿದರೆ ಪೂರ್ತಿ ನಷ್ಟ. ಹಾಗಂತ ಎಲ್ಲರೂ ಓಡಿಸುತ್ತಾರೆ, ಮಾಲು ಇನ್ನಷ್ಟು ಸುರಿಯುತ್ತದೆ, ಬೆಲೆ ಇನ್ನಷ್ಟು ಬೀಳುತ್ತದೆ. ಯಾರಾದರೂ ಒಬ್ಬರ ಉಸಿರು ನಿಲ್ಲುವವರೆಗೆ ಅಥವಾ ಎಲ್ಲರೂ ನೋವು ತಾಳಲಾರದೆ ಉತ್ಪಾದನೆ ಕಡಿಮೆ ಮಾಡುವವರೆಗೆ ಇದು ನಡೆಯುತ್ತದೆ. ಸ್ಯಾಮ್‌ಸಂಗ್ ದೊಡ್ಡದಾದದ್ದೇ ಬೇರೆಯವರು ಕೈ ಹಿಂದೆಳೆದ ಕಷ್ಟದ ವರ್ಷಗಳಲ್ಲಿ ಬಂಡವಾಳ ಹಾಕಿ. ಅದಕ್ಕೆ ಟಿವಿ, ಫೋನು, ಹಡಗು ಅಂತ ಬೇರೆ ಬೇರೆ ವ್ಯಾಪಾರ ಇದ್ದ ದೊಡ್ಡ ಮನೆತನದ ಬೆಂಬಲ ಇತ್ತು.

ಈಗ ಟಿಎಸ್‌ಎಂಸಿ. ಇದನ್ನು 1987ರಲ್ಲಿ ಶುರು ಮಾಡಿದವರು ಮಾರಿಸ್ ಚಾಂಗ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 25 ವರ್ಷ ದುಡಿದವರು, ಕಂಪನಿ ಶುರು ಮಾಡಿದಾಗ ವಯಸ್ಸು 50 ದಾಟಿತ್ತು. ಬಂಡವಾಳದ ಅರ್ಧದಷ್ಟು ತೈವಾನ್ ಸರ್ಕಾರದ್ದು, ಕಾಲು ಭಾಗಕ್ಕೂ ಸ್ವಲ್ಪ ಜಾಸ್ತಿ ಫಿಲಿಪ್ಸ್ ಕಂಪನಿಯದು. ಇಂಟೆಲ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎರಡೂ ಹಣ ಹಾಕಲು ಒಪ್ಪಲಿಲ್ಲ. ಚಾಂಗ್ ಅವರ ಯೋಚನೆ ಸರಳ: ನಮ್ಮದೇ ಚಿಪ್ ಅಂತ ಯಾವುದೂ ಬೇಡ, ಬೇರೆಯವರು ಡಿಸೈನ್ ಮಾಡಿ ಕೊಟ್ಟದ್ದನ್ನು ಮಾಡಿಕೊಡೋಣ, ಗಿರಾಕಿಯ ಜೊತೆ ಪೈಪೋಟಿಗೆ ಇಳಿಯುವುದೇ ಬೇಡ. ಇದರಿಂದ ಆದ ದೊಡ್ಡ ಲಾಭ ನೋಡಿ. ಲೈನ್ ತುಂಬಲು ನೂರಾರು ಗಿರಾಕಿಗಳು. ಫೋನ್ ಮಾರಾಟ ಬಿದ್ದ ವರ್ಷ ಎಐ ಚಿಪ್ ಏರಿತು, ಲೈನ್ ಖಾಲಿ ಆಗಲಿಲ್ಲ. ಇನ್ನೊಂದು ಸಂಗತಿ, ನನಗೆ ತುಂಬಾ ಇಷ್ಟವಾದದ್ದು: ಹಳೆಯ ಯಂತ್ರಗಳು. 28 ನ್ಯಾನೋಮೀಟರ್ ಚಿಪ್ ಅವರು ಮಾಡಲು ಶುರು ಮಾಡಿದ್ದು 2011ರಲ್ಲಿ (ಈ ಅಂಕಿ ಚಿಪ್ ತಂತ್ರದ ಪೀಳಿಗೆಯ ಹೆಸರು, ಸಣ್ಣದಾದಷ್ಟೂ ತಂತ್ರ ಹೊಸದು). ಮೊದಲು ಹಾಕಿದ ಆ ಯಂತ್ರಗಳ ಸವಕಳಿ ಯಾವತ್ತೋ ಮುಗಿದಿದೆ, ಆದರೂ ಅವು ಕಾರು, ವೈಫೈ, ಟಿವಿ ಚಿಪ್ ಮಾಡುತ್ತಾ ಇವತ್ತಿಗೂ ದುಡಿಯುತ್ತಿವೆ. ಆ ದುಡಿಮೆಯೇ ಮುಂದಿನ ಫ್ಯಾಬಿಗೆ ಬಂಡವಾಳ.

ಇಂಟೆಲ್ ತನ್ನ ಫ್ಯಾಬನ್ನು ಬಹುಪಾಲು ತನ್ನದೇ ಚಿಪ್ಪಿನಿಂದ ತುಂಬುತ್ತಿತ್ತು. ಕಂಪ್ಯೂಟರ್ ವ್ಯಾಪಾರ ಬೆಳೆಯುತ್ತಿದ್ದಾಗ ಇದೇ ಅದರ ಬಲ. ಆಪಲ್ ಮೊದಲ ಐಫೋನಿಗೆ ಚಿಪ್ ಕೇಳಿದಾಗ ಆ ಬೆಲೆಗೆ ಗಿಟ್ಟುವುದಿಲ್ಲ ಅಂತ ಇಂಟೆಲ್ ಬಿಟ್ಟುಬಿಟ್ಟಿತು. ಮಾರಾಟ ತಮ್ಮ ಅಂದಾಜಿನ ನೂರು ಪಟ್ಟು ಆಯಿತು ಅಂತ ಇಂಟೆಲ್‌ನ ಆಗಿನ ಮುಖ್ಯಸ್ಥ ಪಾಲ್ ಒಟೆಲಿನಿ ಆಮೇಲೆ ಹೇಳಿದರು. ಫೋನಿನ ಅಷ್ಟೂ ಚಿಪ್ ಬೇರೆಯವರ ಲೈನ್ ತುಂಬಿತು. ಆಮೇಲೆ ಇಂಟೆಲ್‌ನ 10 ನ್ಯಾನೋಮೀಟರ್ ತಂತ್ರ ವರ್ಷಗಟ್ಟಲೆ ತಡವಾಯಿತು, ಆ ಹೊತ್ತಿಗೆ ಅದರ ಎದುರಾಳಿ ಎಎಂಡಿ, ಟಿಎಸ್‌ಎಂಸಿಯಲ್ಲಿ ಮಾಡಿಸಿದ ಚಿಪ್ ತಂದು ಗಿರಾಕಿಗಳನ್ನು ಕಸಿಯಿತು. 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವೇ ಇಂಟೆಲ್‌ನ ಸುಮಾರು ಶೇ 10 ಪಾಲು ತೆಗೆದುಕೊಂಡಿತು. ಮುಕ್ತ ಮಾರುಕಟ್ಟೆ ಅಂತ ಜಗತ್ತಿಗೆ ಪಾಠ ಹೇಳಿದ ದೇಶ ಹೀಗೆ ಮಾಡಬೇಕಾಯಿತು ಅಂದರೆ ಈ ಧಂದೆಯ ಭಾರ ಎಷ್ಟಿದೆ ಅಂತ ಯೋಚಿಸಿ.

ಓಟದಿಂದ ಹೊರಗೆ ಬಂದು ಬದುಕಿದವರೂ ಇದ್ದಾರೆ. ಎಎಂಡಿ 2009ರಲ್ಲಿ ತನ್ನ ಫ್ಯಾಬ್‌ಗಳನ್ನು ಬೇರೆ ಮಾಡಿ, ಅಬುಧಾಬಿಯ ಹಣದಿಂದ ಗ್ಲೋಬಲ್‌ಫೌಂಡ್ರೀಸ್ ಹುಟ್ಟಿತು. 2018ರಲ್ಲಿ ಅದು 7 ನ್ಯಾನೋಮೀಟರ್ ಕೆಲಸ ನಿಲ್ಲಿಸಿ, ಹಳೆಯ ಅಳತೆಯ ಚಿಪ್‌ಗಳನ್ನೇ ಚೆನ್ನಾಗಿ ಮಾಡುತ್ತೇನೆ ಅಂತ ಕೂತಿತು. ಆಗ ಸೋತರು ಅಂದವರೇ ಜಾಸ್ತಿ. ನನಗೆ ಅದು ಧೈರ್ಯದ ತೀರ್ಮಾನ ಅನಿಸುತ್ತದೆ. 2000ದ ದಶಕದ ಶುರುವಿನಲ್ಲಿ ಮುಂಚೂಣಿಯ ಚಿಪ್ ಮಾಡುವ ಕಂಪನಿಗಳು ಇಪ್ಪತ್ತಕ್ಕೂ ಹೆಚ್ಚಿದ್ದವು, ಈಗ ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಇಂಟೆಲ್ ಮೂರೇ. ಗ್ಲೋಬಲ್‌ಫೌಂಡ್ರೀಸಿಗೆ ವಿರುದ್ಧವಾದ ಉದಾಹರಣೆ ಅಮೆರಿಕದ ವುಲ್ಫ್‌ಸ್ಪೀಡ್. ಎಲೆಕ್ಟ್ರಿಕ್ ಕಾರಿಗೆ ಬೇಕಾದ ಸಿಲಿಕಾನ್ ಕಾರ್ಬೈಡ್ ಚಿಪ್‌ಗಾಗಿ ಸಾಲ ಮಾಡಿ ದೊಡ್ಡ ಫ್ಯಾಬ್ ಕಟ್ಟಿತು. ಕಾರಿನ ಬೇಡಿಕೆ ಅಂದುಕೊಂಡಷ್ಟು ಬರಲಿಲ್ಲ. 2025ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ತಂತ್ರಜ್ಞಾನ ಚೆನ್ನಾಗೇ ಇತ್ತು, ಲೈನ್ ತುಂಬಲಿಲ್ಲ.

ನಮ್ಮ ದೇಶಕ್ಕೆ ಬರೋಣ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1984ರಲ್ಲಿ. ಟಿಎಸ್‌ಎಂಸಿ ಹುಟ್ಟುವುದಕ್ಕೆ ಮೂರು ವರ್ಷ ಮೊದಲು! 1989ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿತ್ತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು, ಈ ಧಂದೆಯಲ್ಲಿ ಅಷ್ಟು ವರ್ಷ ಅಂದರೆ ಹಲವು ಪೀಳಿಗೆ. ಇವತ್ತು ಅಲ್ಲಿ 180 ನ್ಯಾನೋಮೀಟರ್ ಚಿಪ್ ಮಾಡುತ್ತಾರೆ, ಇಸ್ರೋ ಕೆಲಸಕ್ಕೆ ಅವು ಬಳಕೆಯಾಗುತ್ತವೆ. ಅಲ್ಲಿನ ಇಂಜಿನಿಯರುಗಳ ಬಗ್ಗೆ ನನಗೆ ಗೌರವ ಇದೆ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಯೋಜನೆ ತಂದಿತು. ಗುಜರಾತಿನ ಧೋಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಅನ್ನುವ ಚಿಪ್ ಕಂಪನಿಯ ಜೊತೆ ಸೇರಿ 91,000 ಕೋಟಿಯ ಫ್ಯಾಬ್ ಕಟ್ಟುತ್ತಿದ್ದಾರೆ, ಗುರಿ ತಿಂಗಳಿಗೆ 50,000 ವೇಫರ್. ಯೋಜನೆಯ ಖರ್ಚಿನ ಅರ್ಧದಷ್ಟು ಕೇಂದ್ರ ಕೊಡುತ್ತದೆ, ರಾಜ್ಯದ ನೆರವು ಬೇರೆ. ಸಾನಂದದಲ್ಲಿ ಮೈಕ್ರಾನ್, ಅಸ್ಸಾಮಿನ ಜಾಗೀರೋಡಿನಲ್ಲಿ ಟಾಟಾ, ಇವು ತಯಾರಾದ ಚಿಪ್ಪನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸುವ ಘಟಕಗಳು. ನಡುವೆ ಬಿದ್ದುಹೋದವೂ ಇವೆ. ವೇದಾಂತ ಜೊತೆಗಿನ ಫ್ಯಾಬ್ ಯೋಜನೆಯಿಂದ ಫಾಕ್ಸ್‌ಕಾನ್ 2023ರ ಜುಲೈನಲ್ಲಿ ಹಿಂದೆ ಸರಿಯಿತು. ನಮ್ಮ ಮೈಸೂರಿಗೆ ಬರುತ್ತದೆ ಅಂತ 2022ರಲ್ಲಿ ದೊಡ್ಡ ಸುದ್ದಿಯಾದ 300 ಕೋಟಿ ಡಾಲರಿನ ಫ್ಯಾಬ್ ಬರಲೇ ಇಲ್ಲ.

ಧೋಲೇರಾದಲ್ಲಿ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ಅಳತೆಗಳಿಂದ ಶುರು ಮಾಡಿದ್ದು ಸರಿ ಅಂತ ನಾನು ಒಪ್ಪುತ್ತೇನೆ. ಮೂರೇ ಕಂಪನಿ ಉಳಿದಿರುವ ಓಟಕ್ಕೆ ಮೊದಲ ದಿನವೇ ಇಳಿಯುವುದು ಹುಚ್ಚು. ಆದರೆ ಚೀನಾ ಇದೇ ಅಳತೆಗಳಲ್ಲಿ ಒಂದರ ಮೇಲೊಂದು ಫ್ಯಾಬ್ ಕಟ್ಟುತ್ತಿದೆ. ನಮ್ಮ ಮಾಲು ಹೊರಬರುವ ಹೊತ್ತಿಗೆ ಆ ಮಾಲೂ ಬಜಾರಿನಲ್ಲಿ ಇರುತ್ತದೆ. ಧೋಲೇರಾ ಪೂರ್ತಿ ಓಡಿದರೆ ವರ್ಷಕ್ಕೆ 6 ಲಕ್ಷ ವೇಫರ್. ಯಾರು ಕೊಳ್ಳುತ್ತಾರೆ? ಹೊಸ ಫ್ಯಾಬಿನ ಸವಕಳಿ ಹೊತ್ತ ನಮ್ಮ ಚಿಪ್, ಸವಕಳಿ ಮುಗಿದ ತೈವಾನಿನ ಹಳೆಯ ಲೈನಿನ ಜೊತೆ ಬೆಲೆಯಲ್ಲಿ ಹೇಗೆ ನಿಲ್ಲುತ್ತದೆ? ಕಟ್ಟಲು ಕೊಟ್ಟ ಸಬ್ಸಿಡಿ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ಉಳಿದರ್ಧ ಗಿರಾಕಿಯದ್ದು. ಮನೆಮನೆಗೆ ಹಾಕುತ್ತಿರುವ ಸ್ಮಾರ್ಟ್ ಮೀಟರ್, ಎಲೆಕ್ಟ್ರಿಕ್ ಬಸ್ಸು, ರೈಲ್ವೆ ಸಾಮಾನು, ಇವನ್ನೆಲ್ಲ ಸರ್ಕಾರವೇ ಕೊಳ್ಳುತ್ತದೆ ಅಥವಾ ಸರ್ಕಾರದ ದುಡ್ಡಿನಿಂದ ಕೊಳ್ಳಲಾಗುತ್ತದೆ. ಅವುಗಳಲ್ಲಿ ಇಂತಿಷ್ಟು ಚಿಪ್ ಇಲ್ಲೇ ತಯಾರಾಗಿರಬೇಕು ಅಂತ ಈಗಲೇ ನಿಯಮ ಮಾಡಬೇಕು. ಹೊಸ ಚಿಪ್ ಪರೀಕ್ಷೆ ಮಾಡಿ ಒಪ್ಪಿಕೊಳ್ಳಲು ಕಾರು ಕಂಪನಿಗಳಿಗೆ ವರ್ಷಗಳು ಬೇಕು, ಫ್ಯಾಬ್ ತಯಾರಾದ ಮೇಲೆ ಗಿರಾಕಿ ಹುಡುಕಿದರೆ ತಡವಾಯಿತು ಅಂತಲೇ ಲೆಕ್ಕ.

ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ನಮ್ಮ ಭಾಗಕ್ಕೆ ಫ್ಯಾಬ್ ಬರುತ್ತದಾ?"

ನೋಡಮ್ಮಾ, ಸದ್ಯಕ್ಕೆ ಬರುವುದಿಲ್ಲ. ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ವಿಶೇಷ ಅನಿಲ, ರಾಸಾಯನಿಕ, ಯಂತ್ರ ರಿಪೇರಿಯವರು ಎಲ್ಲ ಒಂದೇ ಕಡೆ ಸೇರಿದ ಊರಿಗೆ ಫ್ಯಾಬ್ ಹೋಗುತ್ತದೆ, ನಮ್ಮಲ್ಲಿ ನೀರಿನ ಭರವಸೆಯೂ ಕಡಿಮೆ. ಜೋಡಿಸಿ ಪರೀಕ್ಷಿಸುವ ಘಟಕದ ಮಾತು ಬೇರೆ. ಅದಕ್ಕೆ ಫ್ಯಾಬಿನಷ್ಟು ಬಂಡವಾಳ, ನೀರು ಬೇಡ, ಕೈಗಳು ಜಾಸ್ತಿ ಬೇಕು. ಹೈದರಾಬಾದ್ ನಮಗೂ ಬೀದರಿಗೂ ಹತ್ತಿರ. ಕಲ್ಯಾಣ ಕರ್ನಾಟಕದ ಹಣವನ್ನು ರಸ್ತೆ ಕಟ್ಟಡಗಳಿಗೆ ಹಾಕುವಾಗ ಇದಕ್ಕೂ ಒಂದಿಷ್ಟು ತೆಗೆದಿಡಿ ಅಂತ ನಮ್ಮ ಜನಪ್ರತಿನಿಧಿಗಳನ್ನು ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಫ್ಯಾಬಿಗೆ ಬೇಕಾದವರು ಬರೀ ಎಲೆಕ್ಟ್ರಾನಿಕ್ಸ್ ಓದಿದವರಲ್ಲ. ಕೆಮಿಕಲ್, ಮೆಕ್ಯಾನಿಕಲ್ ಓದಿದವರು ಬೇಕು, ವ್ಯಾಕ್ಯೂಮ್ ಪಂಪ್ ಬಿಚ್ಚಿ ಜೋಡಿಸಬಲ್ಲ ಡಿಪ್ಲೊಮಾ ಹುಡುಗರು ಬೇಕು, ಅಂಕಿಸಂಖ್ಯೆ ನೋಡಿ ಇಳುವರಿ ಯಾಕೆ ಬಿತ್ತು ಅಂತ ಹೇಳಬಲ್ಲ ಎಂಎಸ್ಸಿಯವರು ಬೇಕು. ಇಲ್ಲಿನ ಕಾಲೇಜುಗಳಲ್ಲಿ ಆ ಸೀಟುಗಳನ್ನು ಯಾರೂ ಕೇಳದ ಸೀಟು ಅಂತ ನೋಡುವುದು ನಿಲ್ಲಬೇಕು.

ಕೊನೆಗೆ ಒಬ್ಬ ಅಧ್ಯಾಪಕರು ಕೇಳಿದ್ದು, ಧೋಲೇರಾ ಗೆದ್ದಿತೋ ಸೋತಿತೋ ಅಂತ ನಮಗೆ ಗೊತ್ತಾಗುವುದು ಹೇಗೆ ಅಂತ. ಮೊದಲ ಚಿಪ್ ಹೊರಬಂದ ದಿನದ ಫೋಟೋ ನೋಡಿ ಗೊತ್ತಾಗುವುದಿಲ್ಲ. ಐದು ವರ್ಷದ ಮೇಲೆ ಲೈನ್ ನೂರಕ್ಕೆ ಎಷ್ಟು ತುಂಬಿದೆ ಅಂತ ನೋಡಬೇಕು. ತೈವಾನಿನ ಯುಎಂಸಿ, ಚೀನಾದ ಎಸ್‌ಎಂಐಸಿ ಅನ್ನುವ ಚಿಪ್ ಕಂಪನಿಗಳು ಈ ಅಂಕಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತವೆ. ಧೋಲೇರಾದಲ್ಲಿ ಅರ್ಧಕ್ಕೂ ಹೆಚ್ಚು ದುಡ್ಡು ನಮ್ಮ ತೆರಿಗೆಯದು. ಅಲ್ಲಿನ ಲೈನ್ ಎಷ್ಟು ತುಂಬಿದೆ ಅಂತ ಮೂರು ತಿಂಗಳಿಗೊಮ್ಮೆ ನಮಗೂ ಹೇಳಬೇಕು ಅನ್ನುವ ಷರತ್ತನ್ನು ಸಬ್ಸಿಡಿಯ ಜೊತೆಗೇ ಸರ್ಕಾರ ಹಾಕಲಿ.